ಹೊಲಿಗೆ ಹೊರಗಿಟ್ಟ ಅಂಗಿ

ನಮ್ಮ ಚಿಕ್ಕಮ್ಮನಷ್ಟು ಸಲೀಸಾಗಿ ಸುಳ್ಳು ಹೇಳುವವರನ್ನು ನಾನು ಇನ್ನೂ ನೋಡಿಲ್ಲ. ಅವಳು ದರ್ಜಿ. ‘ಕಾಲರ್ ಒಂದು ಬಾಕಿ ಇದೆ ಅಷ್ಟೆ, ನಾಳೆ ಸಂಜೆ ಬಂದ್ಬಿಡಿ’ ಎಂದು ಗಿರಾಕಿಗೆ ಹೇಳುವಾಗ ಆ ಶರ್ಟಿನ ಬಟ್ಟೆ ಕತ್ತರಿಯ ಮುಖವನ್ನೇ ನೋಡಿರುತ್ತಿರಲಿಲ್ಲ. ಒಳಗೆ ನೆಲದ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದ ನಾನು ನಗು ತಡೆಯಲಾಗದೆ ಬಾಯಿಗೆ ಬಟ್ಟೆಯ ಚೂರು ತುರುಕಿಕೊಳ್ಳುತ್ತಿದ್ದೆ. ಗಿರಾಕಿ ಮೆಟ್ಟಿಲು ಇಳಿದ ಮೇಲೆ ಚಿಕ್ಕಮ್ಮ ನನ್ನ ಕಡೆ ತಿರುಗಿ, ‘ಏನೇ ಅದು ಹಲ್ಲು ಕಿರಿಯೋದು? ನಾನು ಹೇಳಿದ್ದು ಸುಳ್ಳಲ್ಲ ಕಣೇ. ಕಾಲರೂ ಬಾಕಿ ಇದೆ ತಾನೆ?’ ಎನ್ನುತ್ತಿದ್ದಳು.

ನಮ್ಮದು ಒಂದೇ ಮನೆ, ಎರಡು ಸಂಸಾರ. ಕೆಳಗೆ ರಸ್ತೆಗೆ ಅಂಟಿಕೊಂಡ ಮುಂದಿನ ಕೋಣೆ ಚಿಕ್ಕಮ್ಮನ ಅಂಗಡಿ, ಅದರ ಹಿಂದೆ ಅವಳ ಅಡುಗೆಮನೆ ಮತ್ತು ಮಲಗುವ ಕೋಣೆ. ಮಹಡಿಯ ಮೇಲೆ ಅವಳ ಅಕ್ಕನಾದ ನನ್ನ ಅಮ್ಮ, ಅಪ್ಪ, ನಾನು. ಶಾಲೆ ಬಿಟ್ಟರೆ ನಾನು ಕೆಳಗೇ. ಹೊಸ ಬಟ್ಟೆಯ ಗಂಜಿ ವಾಸನೆ, ಮಷಿನ್ ಎಣ್ಣೆಯ ವಾಸನೆ, ಇಸ್ತ್ರಿಪೆಟ್ಟಿಗೆಯ ಕೆಳಗೆ ಒದ್ದೆ ಬಟ್ಟೆ ಚುಂಯ್ ಎನ್ನುವುದು, ಗೋಡೆಯ ಮೊಳೆಗೆ ಸಿಕ್ಕಿಸಿದ ಕಾಗದದ ಅಳತೆಗಳು ಗಾಳಿಗೆ ಪಟಪಟ ಅನ್ನುವುದು. ಇವತ್ತಿಗೂ ಯಾವುದಾದರೂ ದರ್ಜಿ ಅಂಗಡಿಯ ಮುಂದೆ ಹಾದುಹೋದರೆ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಆ ಕೋಣೆಯ ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಮೇಜಿನ ಕೆಳಗೆ ಚೂರುಬಟ್ಟೆಗಳ ರಾಶಿ. ಆ ರಾಶಿಯ ಮೇಲೆ ಚಿಕ್ಕಮ್ಮನ ಒಬ್ಬಳೇ ಮಗಳು.

ಅವಳನ್ನು ನಾವೆಲ್ಲ ಜೇನು ಎಂದು ಕರೆಯುತ್ತಿದ್ದೆವು. ಮಾತಾಡುವ ವಯಸ್ಸು ದಾಟಿದರೂ ಮಾತು ಬರಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡೇ ದಿನವಿಡೀ ಗುಂಯ್ ಎನ್ನುತ್ತಿದ್ದಳು. ಮಷಿನ್ ಜೋರಾದರೆ ಅವಳ ಸದ್ದೂ ಜೋರು. ಮಷಿನ್ ನಿಂತರೆ ಸದ್ದು ನಿಲ್ಲಿಸಿ, ಮೇಜಿನ ಕೆಳಗಿಂದ ತೆವಳಿಕೊಂಡು ಬಂದು ಚಿಕ್ಕಮ್ಮನ ಪಾದವನ್ನು ಎತ್ತಿ ಪೆಡಲಿನ ಮೇಲೆ ಇಡುತ್ತಿದ್ದಳು. ಅವಳಿಗೆ ಆ ಪಾದ ಗೊತ್ತಿತ್ತು. ಪಾದದ ಮೇಲೆ ಒಂದು ಮುಖವೂ ಇದೆ ಎನ್ನುವುದು ಗೊತ್ತಿತ್ತೋ ಇಲ್ಲವೋ, ಯಾರಿಗೂ ಹೇಳಲಾಗುತ್ತಿರಲಿಲ್ಲ. ಎತ್ತಿಕೊಳ್ಳಲು ಹೋದರೆ ಹಿಂದಕ್ಕೆ ಬಾಗಿ ಜಾರಿಬಿಡುತ್ತಿದ್ದಳು. ಮುತ್ತು ಕೊಟ್ಟರೆ ಆ ಜಾಗವನ್ನು ಒರೆಸಿಕೊಳ್ಳುತ್ತಿದ್ದಳು. ‘ಅಮ್ಮ’ ಎಂದು ಕರೆದದ್ದು ಒಮ್ಮೆಯೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ಬಟ್ಟೆಯದು. ಜೇನು ಮೈಮೇಲೆ ಬಟ್ಟೆ ನಿಲ್ಲಿಸುತ್ತಿರಲಿಲ್ಲ. ಹಾಕಿದ ಮರುಗಳಿಗೆಯೇ ಕಿರುಚಿ, ಕುತ್ತಿಗೆ ಕೆರೆದುಕೊಂಡು, ಕಿತ್ತು ಬಿಸಾಕುತ್ತಿದ್ದಳು. ಚಿಕ್ಕಪ್ಪನ ಹಳೆಯ ಬನಿಯನ್ ಒಂದನ್ನು ಮಾತ್ರ ಹೇಗೋ ಸಹಿಸುತ್ತಿದ್ದಳು. ಊರಿಗೆಲ್ಲ ಬಟ್ಟೆ ಹೊಲಿಯುವವಳ ಮಗಳು ಬನಿಯನ್‌ನಲ್ಲಿ ಓಡಾಡುತ್ತಾಳೆ ಎಂದು ಬೀದಿಯವರು ಮುಸಿಮುಸಿ ನಗುವುದು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಿಕ್ಕಮ್ಮ ಯಾರ ಮೇಲೂ ರೇಗಲಿಲ್ಲ. ತನಗೆ ತಿಳಿದ ಒಂದೇ ದಾರಿ ಹಿಡಿದಳು: ಇನ್ನೂ ಚೆಂದದ ಫ್ರಾಕ್ ಹೊಲಿದಳು. ಕುತ್ತಿಗೆಗೆ ಲೇಸು, ತೋಳಿಗೆ ನೆರಿಗೆ, ಅಂಚಿಗೆ ಬಲೆಬಟ್ಟೆ, ಎದೆಯ ಮೇಲೆ ದಾರದ ಹೂ. ಮಗು ಕಿತ್ತು ಎಸೆದರೆ ಮಾರನೆಯ ದಿನ ಮತ್ತೊಂದು ಸಾಲು ಲೇಸು. ಹೊರಗಿನ ಒಂದೊಂದು ಅಂದಕ್ಕೂ ಒಳಗಡೆ ಒಂದು ಗಂಟು, ಒಂದು ಒರಟು ಅಂಚು ಉಳಿಯುತ್ತದೆ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಅವಳಿಗೇ ಹೊಳೆಯಲಿಲ್ಲ. ದರ್ಜಿಗಳು ಅಂಗಿಯನ್ನು ಹೊರಗಡೆಯಿಂದಲೇ ನೋಡುತ್ತಾರೆ.

ಅದು ಹೊಳೆದದ್ದು ಒಬ್ಬ ಗಿರಾಕಿಯ ದೆಸೆಯಿಂದ. ಅಳತೆ ಸರಿಯಿದೆಯೇ ಎಂದು ನೋಡಲು ದರ್ಜಿಗಳು ಅರ್ಧ ಹೊಲಿದ ಅಂಗಿಯನ್ನು ತಿರುವಿ ಹಾಕಿಸುತ್ತಾರೆ. ಹೊಲಿಗೆ ಮೇಲೆ ಕಂಡರೆ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಗುರುತು ಹಾಕುವುದು ಸುಲಭ. ಅವತ್ತು ಜೇನುವಿಗೆ ಹೊಸ ಫ್ರಾಕೊಂದನ್ನು ಹಾಗೆ ಹಾಕಿಸಿ ಸೀಮೆಸುಣ್ಣ ಕೈಗೆತ್ತಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಗಿರಾಕಿ ನಿಂತ. ಪ್ಯಾಂಟಿನ ಆಸೆ ಬಿಡದ ಆಸಾಮಿ. ಅವನನ್ನು ಸಾಗಹಾಕಲು ಚಿಕ್ಕಮ್ಮನಿಗೆ ಒಂದಲ್ಲ, ಒಂದು ಹಿಡಿ ಸುಳ್ಳು ಬೇಕಾಯಿತು. ತಿರುಗಿ ನೋಡಿದರೆ ಜೇನು ಆ ಫ್ರಾಕ್‌ನಲ್ಲೇ ಮೇಜಿನ ಕೆಳಗೆ ಕೂತು ಗುಂಯ್ ಎನ್ನುತ್ತಿದ್ದಾಳೆ.

ಚಿಕ್ಕಮ್ಮ ಉಸಿರು ಬಿಗಿಹಿಡಿದು ನೋಡಿದಳು. ಆಮೇಲೆ ಫ್ರಾಕ್ ಬಿಚ್ಚಿ, ಸರಿಯಾಗಿ ತಿರುವಿ ಹಾಕಿದಳು. ಕಿರುಚಾಟ. ಮತ್ತೆ ಉಲ್ಟಾ ಮಾಡಿ ಹಾಕಿದಳು. ಗುಂಯ್. ಆಗ ಚಿಕ್ಕಮ್ಮ ತಾನು ಹೊಲಿದಿದ್ದ ಲೇಸಿನ ಫ್ರಾಕ್‌ಗಳನ್ನೆಲ್ಲ ಪೆಟ್ಟಿಗೆಯಿಂದ ಎಳೆದು, ಒಂದೊಂದರ ಒಳಮೈಯನ್ನು ತನ್ನ ಕೆನ್ನೆಗೆ ಉಜ್ಜಿಕೊಂಡು ನೋಡಿದಳು. ಮೆಟ್ಟಿಲ ಕಡೆ ಮುಖ ಮಾಡಿ ಅಮ್ಮನನ್ನು ಕೂಗಿದಳು.

‘ಅಕ್ಕಾ, ಬಾ ಇಲ್ಲಿ. ನನ್ನ ಕೈಗಿಷ್ಟು ಬೆಂಕಿ ಬೀಳ, ಇಷ್ಟು ದಿನ ಮಗೂಗೆ ಮುಳ್ಳು ಹೊಲಿದು ಹಾಕ್ತಿದ್ದೆ ಕಣೇ ನಾನು.’

ಅಮ್ಮ ಇಳಿದು ಬರುವಷ್ಟರಲ್ಲಿ ಅವಳು ಫ್ರಾಕ್‌ಗಳ ರಾಶಿಯ ನಡುವೆ ಕೂತು ಅಳುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕೂತು, ‘ಅವಳು ಹಟಮಾರಿ ಅಂತ ನಾವೆಲ್ಲ ಅಂದ್ವಲ್ಲ, ನೀನೊಬ್ಬಳೇ ಏನು’ ಎಂದು ಅವಳ ತಲೆಗೂದಲಿನಿಂದ ದಾರದ ಎಳೆಗಳನ್ನು ಹೆಕ್ಕಿ ತೆಗೆದಳು. ಅವತ್ತಿನಿಂದ ಜೇನುವಿನ ಬಟ್ಟೆಗಳ ಹೊಲಿಗೆಯೆಲ್ಲ ಹೊರಗೆ. ಕುತ್ತಿಗೆಯ ಪಟ್ಟಿಯಿಲ್ಲ, ಒಳಗೆ ಚೀಟಿಯಿಲ್ಲ, ಹಲವು ಸಲ ಒಗೆದು ಮೆತ್ತಗಾದ ಹತ್ತಿಬಟ್ಟೆ. ಲೇಸೆಲ್ಲ ಗಿರಾಕಿಗಳ ಮಕ್ಕಳ ಪಾಲಾಯಿತು.

ಬಟ್ಟೆಯ ಗುಟ್ಟು ಬಯಲಾಯಿತು, ಆದರೆ ಉಳಿದದ್ದಕ್ಕೆಲ್ಲ ಹೆಸರು ಸಿಗಲು ಇನ್ನೂ ಕಾಲ ಹಿಡಿಯಿತು. ಒಬ್ಬ ಡಾಕ್ಟರು ‘ಬೆಳೀತಾ ಸರಿಹೋಗುತ್ತೆ’ ಅಂದರು, ಇನ್ನೊಬ್ಬರು ಕಿವಿ ಪರೀಕ್ಷೆ ಮಾಡಿಸಿದರು. ಕೊನೆಗೆ ಮಕ್ಕಳ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಸಿಕ್ಕರು. ಅವರು ಕುರ್ಚಿ ಬಿಟ್ಟು ನೆಲದ ಮೇಲೆ ಕೂತು, ಜೇನುವಿನ ಪಕ್ಕದಲ್ಲಿ, ಅವಳ ಮುಖ ನೋಡದೆ, ಅವಳ ಹಾಗೆಯೇ ಗುಂಡಿಗಳನ್ನು ಸಾಲಾಗಿ ಜೋಡಿಸುತ್ತ ಬಹಳ ಹೊತ್ತು ಕಳೆದರು. ಚೀಲ ಹಿಡಿದುಕೊಂಡು ಜೊತೆಗೆ ಹೋಗಿದ್ದ ನನಗೆ ಇವರೆಂಥ ಡಾಕ್ಟರು ಅನ್ನಿಸಿತು.

‘ಇದಕ್ಕೆ ಆಟಿಸಂ ಅಂತಾರೆ’ ಅಂದರು ಆಮೇಲೆ. ‘ಕಾಯಿಲೆ ಅಲ್ಲ. ಅದಕ್ಕೇ, ವಾಸಿ ಮಾಡ್ತೀನಿ ಅನ್ನೋರ ಹತ್ರ ಸುತ್ತಬೇಡಿ. ಹುಟ್ಟಿನಿಂದಲೇ ಇವಳ ಮೆದುಳಿನ ರೀತಿ ಬೇರೆ. ಸದ್ದು, ಬೆಳಕು, ಬಟ್ಟೆಯ ತುರಿಕೆ ಇವನ್ನೆಲ್ಲ ನಾವು ಅರ್ಧಕ್ಕರ್ಧ ಮರೆತೇಬಿಡ್ತೀವಿ. ಇವಳಿಗೆ ಎಲ್ಲ ಒಟ್ಟಿಗೆ ಬಂದು ಬೀಳುತ್ತೆ. ಚಿತ್ರ ತೋರಿಸಿ, ಸನ್ನೆ ಮಾಡಿ ಕೇಳೋದು ಕಲಿಸೋರು ನಮ್ಮಲ್ಲಿದ್ದಾರೆ. ವಾರ ವಾರ ಕರ್ಕೊಂಡು ಬನ್ನಿ.’

‘ನನ್ನಿಂದ ಏನಾದ್ರೂ ಹೆಚ್ಚುಕಮ್ಮಿ ಆಗಿ ಹೀಗಾಯ್ತಾ?’ ಎಂದು ಚಿಕ್ಕಮ್ಮ ನೆಲ ನೋಡುತ್ತ ಕೇಳಿದಳು.

‘ಖಂಡಿತ ಇಲ್ಲ. ಯಾರು ಹಾಗಂದ್ರೂ ನಂಬಬೇಡಿ. ಅದಿರಲಿ, ಈ ಫ್ರಾಕ್ ಹೀಗೆ ಹೊಲಿಯೋದು ಯಾರು ಹೇಳಿಕೊಟ್ರು?’

‘ಇವಳೇ’ ಅಂದಳು ಚಿಕ್ಕಮ್ಮ.

ಆ ಸಮಾಧಾನ ಮನೆ ತಲುಪುವವರೆಗೂ ಉಳಿಯಲಿಲ್ಲ. ಚಿಕ್ಕಪ್ಪನ ಅಕ್ಕ ಬಂದು ಕೂತಿದ್ದರು. ತಿಳಿಯದ ವಿಷಯದ ಮೇಲೆ ಖಡಾಖಂಡಿತ ಮಾತಾಡುವುದರಲ್ಲಿ ಅವರು ಎತ್ತಿದ ಕೈ. ಆಟಿಸಂ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ‘ಓ ಅದಾ? ಅಂಥ ಮಕ್ಕಳಿಗೆ ಅಪ್ಪ ಅಮ್ಮ ಅನ್ನೋ ಮಮತೇನೇ ಇರಲ್ವಂತೆ. ನೀನೂ ಒಂದೇ, ಈ ಮೇಜೂ ಒಂದೇ’ ಎಂದುಬಿಟ್ಟರು. ಅಚ್ಚುಕೂಟದಿಂದ ಆಗಷ್ಟೇ ಬಂದಿದ್ದ ಚಿಕ್ಕಪ್ಪ, ಮಾತು ಕಡಿಮೆಯ ಮನುಷ್ಯ, ಶಾಯಿ ಮೆತ್ತಿದ ಕೈಯನ್ನು ತೊಳೆಯುತ್ತಲೇ ನಿಂತರು. ಚಿಕ್ಕಮ್ಮ ‘ಟೀ ತರ್ತೀನಿ ಅತ್ತಿಗೆ’ ಎಂದು ಒಳಗೆ ಹೋದಳು. ಆ ಮಾತು ಅವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಹೋಯಿತು. ಮುಂದಿನ ವಾರ ಡಾಕ್ಟರಮ್ಮನನ್ನು ಕೇಳಿದಳು. ಅವರು, ‘ಮಮತೆ ಇರುತ್ತೆ, ತೋರಿಸೋ ದಾರಿ ನಮ್ಮದರ ಹಾಗಿರಲ್ಲ. ನೀವು ಕಾಯ್ಬೇಕು’ ಅಂದರು. ಎಷ್ಟು ಕಾಯಬೇಕು ಎಂದದ್ದಕ್ಕೆ, ಗೊತ್ತಿಲ್ಲ ಎಂದು ನಿಜವನ್ನೇ ಹೇಳಿದರು. ಚಿಕ್ಕಮ್ಮ ಕಾಯತೊಡಗಿದಳು. ಮಗಳು ಮಾತಾಡಲಿ, ಶಾಲೆಗೆ ಹೋಗಲಿ ಎಂಬ ಆಸೆಗಳನ್ನೆಲ್ಲ ಒಂದೊಂದಾಗಿ ಮಡಿಸಿಟ್ಟರೂ ಇದೊಂದನ್ನು ಮಡಿಸಿಡಲು ಅವಳಿಂದ ಆಗಲಿಲ್ಲ: ನಾನು ಇವಳಿಗೆ ಯಾರು?

ಹೊಲಿಗೆ ಹೊರಗಿಟ್ಟ ಅಂಗಿಯಿಂದಾಗಿ ಬೀದಿಯವರು ನಮ್ಮ ಅಂಗಡಿಗೆ ‘ಉಲ್ಟಾ ಅಂಗಡಿ’ ಎಂದು ಹೆಸರಿಟ್ಟರು. ಒಳಗೆ ಕಾಲಿಟ್ಟವರಿಗೆಲ್ಲ, ‘ಮಗೂಗೆ ಉಲ್ಟಾ ಹಾಕಿದೀರಲ್ಲ’ ಎಂದು ಹೇಳದೆ ಹೋದರೆ ತಿಂದದ್ದು ಅರಗುತ್ತಿರಲಿಲ್ಲ. ನಾನಾದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಚಿಕ್ಕಮ್ಮ, ‘ಹೌದಾ? ನೋಡ್ಲೇ ಇಲ್ಲ’ ಎಂದು ಮುಗ್ಧವಾಗಿ ಸುಳ್ಳು ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಬಸ್ ಕಂಡಕ್ಟರ್ ಒಬ್ಬಳು ಸಮವಸ್ತ್ರದ ಪ್ಯಾಂಟು ಬಿಗಿಮಾಡಿಸಲು ಬಂದಳು. ಜೇನುವನ್ನು ನೋಡಿದಳು. ಎಲ್ಲರೂ ಹೇಳುವ ಮಾತಿಗಾಗಿ ನಾನು ಹಲ್ಲು ಕಚ್ಚಿಕೊಂಡು ಕಾದೆ. ಅವಳು ಪ್ಯಾಂಟನ್ನು ಮೇಜಿನ ಮೇಲೆ ಇಟ್ಟು, ದನಿ ತಗ್ಗಿಸಿ, ‘ಹೀಗೆ ಹೊಲಿದ್ರೆ ಹಾಕ್ಕೊಳ್ತಾಳಾ?’ ಎಂದು ಕೇಳಿದಳು.

ಚಿಕ್ಕಮ್ಮ ಮಷಿನ್ ನಿಲ್ಲಿಸಿದಳು. ‘ಹಾಕ್ಕೊಳ್ತಾಳೆ.’

‘ನನ್ನ ಮಗನಿಗೂ ಒಂದು ಹೊಲಿದು ಕೊಡ್ತೀರಾ ಅಕ್ಕಾ? ಹೊರಗೆ ಕರ್ಕೊಂಡು ಹೋಗಿ ಎಷ್ಟು ಕಾಲ ಆಯ್ತೋ ನಂಗೇ ನೆನಪಿಲ್ಲ’ ಎಂದವಳು, ಟಿಕೆಟ್ ಚೀಲ ತಬ್ಬಿಕೊಂಡು ಅಲ್ಲೇ ಮಣೆಯ ಮೇಲೆ ಕುಸಿದು ಕೂತಳು. ಬಸ್ಸಿನಲ್ಲಿ ದಿನಾ ಗಂಡಸರ ಬಾಯಿ ಮುಚ್ಚಿಸುವ ಹೆಂಗಸು ಮಗುವಿನ ಹಾಗೆ ಅತ್ತಳು. ಚಿಕ್ಕಮ್ಮ ಅವಳಿಗೆ ಆ ಅಂಗಿಯನ್ನು ಮಾರನೆಯ ದಿನವೇ ಕೊಟ್ಟಳು. ಹೇಳಿದ ದಿನಕ್ಕೆ ಅವಳು ಕೊಟ್ಟ ಮೊದಲ ಬಟ್ಟೆ ಅದೇ ಎಂದು ಅಮ್ಮ ಆಡಿಕೊಂಡು ನಕ್ಕಳು.

ಕಂಡಕ್ಟರಮ್ಮನ ಬಾಯಿಗೆ ಬಿದ್ದ ಸುದ್ದಿ ಎಲ್ಲ ಬಸ್ ಮಾರ್ಗಗಳಲ್ಲೂ ಓಡಾಡಿತು. ಡಾಕ್ಟರಮ್ಮನೂ ಒಬ್ಬೊಬ್ಬರನ್ನು ಕಳಿಸತೊಡಗಿದರು. ಅಂಗಡಿಯ ರಜೆಯ ದಿನ ಅವರೆಲ್ಲ ಬರುತ್ತಿದ್ದರು. ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ತೆಳು ಪರದೆ ಎಳೆದು, ಮಕ್ಕಳನ್ನು ಮೇಜಿನ ಕೆಳಗಿನ ಚೂರುಬಟ್ಟೆಗೆ ಬಿಟ್ಟರೆ ಆಯಿತು. ದೊಡ್ಡವರು ಟೀ ಕುಡಿಯುತ್ತ ಮಾತಾಡುತ್ತಿದ್ದರು: ಯಾವ ಶಾಲೆಯ ಟೀಚರು ಮಗುವನ್ನು ಬಯ್ಯದೆ ಕೂರಿಸಿಕೊಳ್ಳುತ್ತಾರೆ, ಯಾವ ಹಲ್ಲಿನ ಡಾಕ್ಟರು ಆತುರಪಡುವುದಿಲ್ಲ, ಕೂದಲು ಕತ್ತರಿಸುವುದು ಹೇಗೆ, ನೆಂಟರ ಬಾಯಿಗೆ ಬೀಗ ಹಾಕುವುದು ಹೇಗೆ. ಕೊನೆಯದರಲ್ಲಿ ನಾನು ಒಳ್ಳೆಯ ಸಲಹೆಗಳನ್ನು ಕೊಡುತ್ತಿದ್ದೆ. ಒಬ್ಬ ತಂದೆ, ಪೇಂಟರ್, ಮಗಳನ್ನು ಕರೆದುಕೊಂಡು ಬಂದು, ಕುರ್ಚಿಯಲ್ಲಿ ಕೂತವನೇ ನಿದ್ದೆ ಹೋದ. ಮನೆಯಲ್ಲಿ ಮಗಳು ರಾತ್ರಿಯೆಲ್ಲ ಮಲಗುವುದಿಲ್ಲವಂತೆ. ಚಿಕ್ಕಮ್ಮ ಯಾರೋ ಗಿರಾಕಿಯ ಪರದೆ ಬಟ್ಟೆಯನ್ನು ಅವನ ಮೇಲೆ ಹೊದಿಸಿದಳು. ಸಂಜೆಯವರೆಗೂ ಅವನನ್ನು ಯಾರೂ ಎಬ್ಬಿಸಲಿಲ್ಲ. ಆಮೇಲೆ ಆತ ಪ್ರತಿ ರಜೆಗೂ ಬಂದು ಮಲಗಿ ಹೋಗುತ್ತಿದ್ದ. ಆ ಕೋಣೆಯಲ್ಲಿ ಸಿಕ್ಕ ಸಹಾಯಗಳಲ್ಲಿ ನನಗೆ ಅತಿ ಪ್ರಿಯವಾಗಿ ನೆನಪಿರುವುದು ಆ ನಿದ್ದೆ.

ಎಲ್ಲರಿಗೂ ಹೊಲಿಗೆ ಹೊರಗಿಟ್ಟರೆ ಮುಗಿಯಿತು ಎಂದುಕೊಂಡು ಚಿಕ್ಕಮ್ಮ ಒಮ್ಮೆ ಪೇಚಿಗೂ ಸಿಕ್ಕಿಕೊಂಡಳು. ಪೇಂಟರನ ಮಗಳು ಆ ಮೆತ್ತಗಿನ ಸಡಿಲ ಅಂಗಿಯನ್ನು ಅವಳ ಮುಖಕ್ಕೇ ಎಸೆದಳು. ಆ ಹುಡುಗಿಗೆ ಬೇಕಾಗಿದ್ದದ್ದು ಬಿಗಿ, ಭಾರ. ಕೋಟಿಗೆ ಹಾಕುವ ದಪ್ಪ ಬಟ್ಟೆಯಲ್ಲಿ ಮೈಗೆ ಅಪ್ಪುವಂಥ ಜಾಕೀಟು ಹೊಲಿದುಕೊಟ್ಟ ಮೇಲೆ ಅವಳು ತಣ್ಣಗಾದಳು. ‘ಒಬ್ಬರ ಅಳತೇಲಿ ಇನ್ನೊಬ್ಬರಿಗೆ ಹೊಲಿಯೋಕೆ ಹೋಗಿದ್ದೆನಲ್ಲ, ನಾನೆಂಥ ದರ್ಜಿ’ ಎಂದು ಚಿಕ್ಕಮ್ಮ ತಲೆ ಚಚ್ಚಿಕೊಂಡಳು. ಅಲ್ಲಿಂದ ಮುಂದೆ ಮಗುವಿನ ಜೊತೆ ನೆಲದ ಮೇಲೆ ಕೂರದೆ ಯಾರ ಬಟ್ಟೆಗೂ ಕತ್ತರಿ ಹಾಕಲಿಲ್ಲ.

ಜೇನು ಬೆಳೆದು ಆ ಅಂಗಡಿಯಲ್ಲಿ ಒಂದು ಕೆಲಸ ಹಿಡಿದಳು. ಯಾರೂ ಕೊಟ್ಟದ್ದಲ್ಲ. ಹೊಲಿದು ಮುಗಿದ ಮಕ್ಕಳ ಬಟ್ಟೆಯೊಳಗೆ ಕೈ ತೂರಿಸಿ, ಕುತ್ತಿಗೆಯ ಸುತ್ತ ತೋರುಬೆರಳನ್ನು ನಿಧಾನವಾಗಿ ಆಡಿಸುತ್ತಿದ್ದಳು. ಸರಿಯಿದ್ದರೆ ಮಡಿಸಿ ಇಡುವಳು. ಎಲ್ಲಾದರೂ ಒಂದು ಗಂಟು ತಗುಲಿದರೆ ಅಂಗಿ ಬೀದಿಗೆ ಹಾರುತ್ತಿತ್ತು. ‘ನಮ್ಮ ಇನ್‌ಸ್ಪೆಕ್ಟರ್ ಪಾಸ್ ಮಾಡ್ಲಿಲ್ಲ’ ಎಂದು ಚಿಕ್ಕಮ್ಮ ಬೀದಿಗೆ ಇಳಿದು ಹೆಕ್ಕಿಕೊಂಡು ಬರುತ್ತಿದ್ದಳು. ಚಿತ್ರದ ಕಾರ್ಡು ತೋರಿಸಿ ನೀರು ಕೇಳುವುದು, ಊಟ ಕೇಳುವುದು, ಸದ್ದು ಸಾಕು ಎನ್ನುವುದು ಜೇನುವಿಗೆ ಬಂತು. ಕಾರ್ಡುಗಳಲ್ಲಿ ಅಮ್ಮನ ಚಿತ್ರವೂ ಒಂದಿತ್ತು. ಅದನ್ನು ಅವಳು ಎಂದೂ ಎತ್ತಲಿಲ್ಲ. ಎತ್ತಬೇಕಾದ ಪ್ರಮೇಯವೇ ಇಲ್ಲವಲ್ಲ, ಅಮ್ಮ ಯಾವಾಗಲೂ ಅಲ್ಲೇ ಇರುತ್ತಾಳೆ ಎಂದು ನಾನು ವಾದಿಸುತ್ತಿದ್ದೆ. ಚಿಕ್ಕಮ್ಮ ‘ಹೂಂ’ ಎಂದು ದಾರ ಕಡಿಯುತ್ತಿದ್ದಳು.

ಚಿಕ್ಕಪ್ಪ ತೀರಿಕೊಂಡ ದಿನ ಜೇನು ಅಳಲಿಲ್ಲ. ಜನ, ಗದ್ದಲ ತಡೆಯಲಾಗದೆ ಮೇಜಿನ ಕೆಳಗೆ ಹೋಗಿ ಕಿವಿ ಮುಚ್ಚಿಕೊಂಡಳು. ಚಿಕ್ಕಪ್ಪನ ಅಕ್ಕ, ‘ನಾನು ಆವತ್ತೇ ಹೇಳ್ಲಿಲ್ವಾ’ ಎಂಬಂತೆ ಚಿಕ್ಕಮ್ಮನ ಮುಖ ನೋಡಿದರು. ದುಃಖದ ಮನೆ ಎಂದು ನಾನು ನಾಲಿಗೆ ಕಚ್ಚಿಕೊಂಡೆ. ಇವತ್ತಾಗಿದ್ದರೆ ಕಚ್ಚಿಕೊಳ್ಳುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಚಿಕ್ಕಮ್ಮ ನನ್ನ ಭುಜಕ್ಕೆ ತಲೆ ಆನಿಸಿ, ‘ನಾನು ಹೋದ್ರೆ ಅವಳಿಗೆ ಗೊತ್ತಾಗುತ್ತೇನೇ? ಮಷಿನ್ ನಿಂತಿದೆ ಅಂತ ಗೊತ್ತಾಗುತ್ತೆ. ನಾನು ಅಂತ ಗೊತ್ತಾಗುತ್ತಾ?’ ಎಂದಳು. ಗಿರಾಕಿಗೆ ಹೇಳುವಂಥ ಸುಳ್ಳು ಹೇಳಿದ್ದರೆ ಅವಳು ಕಂಡುಹಿಡಿಯುತ್ತಿದ್ದಳು.

ಮಷಿನ್ ನಿಂತದ್ದು ಬಹಳ ವರ್ಷಗಳ ನಂತರ. ಚಿಕ್ಕಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಊರಿಗೆಲ್ಲ ಬಾಯಿ ತುಂಬ ಸುಳ್ಳು ಹೇಳಿದ ಹೆಂಗಸು ನೀರು ಬೇಕು ಎಂಬ ನಿಜವನ್ನೂ ಹೇಳಲಾಗದೆ ಮಲಗಿದಳು. ಜೇನುವಿನ ಊಟ, ಸ್ನಾನ ನೋಡಿಕೊಳ್ಳಲು ಕಂಡಕ್ಟರಮ್ಮ, ಪೇಂಟರ್, ನಾನು ಸರದಿ ಹಾಕಿಕೊಂಡೆವು. ಆ ಕೋಣೆಯಲ್ಲಿ ಟೀ ಕುಡಿದವರು ಒಬ್ಬರೂ ಹಿಂದೆ ಸರಿಯಲಿಲ್ಲ. ನಾನು ಚಿಕ್ಕಮ್ಮನಿಗೆಂದು ಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡಿ, ಇರುವುದರಲ್ಲೇ ಚೆಂದದ ರೆಡಿಮೇಡ್ ನೈಟಿ ತಂದೆ. ಕುತ್ತಿಗೆಗೆ ಮೆತ್ತನೆಯ ಬಿಳಿ ಲೇಸಿತ್ತು. ಊರಿಗೆಲ್ಲ ಚೆಂದದ ಬಟ್ಟೆ ಹೊಲಿದವಳಿಗೆ ಅಷ್ಟಾದರೂ ಅಂದ ಇರಲಿ ಎಂದು ನನ್ನ ಲೆಕ್ಕ.

ಅದನ್ನು ಹಾಕಿದಾಗಿನಿಂದ ಚಿಕ್ಕಮ್ಮ ಎಡಗೈಯಿಂದ ಕುತ್ತಿಗೆ ಕೆರೆದುಕೊಳ್ಳತೊಡಗಿದಳು. ಒರೆಸಿದೆ, ಪೌಡರ್ ಹಾಕಿದೆ, ಫ್ಯಾನ್ ತಿರುಗಿಸಿದೆ. ನಿಲ್ಲಿಸಲಿಲ್ಲ. ಚರ್ಮ ಕೆಂಪಗಾಯಿತು. ಬೆಳಗಿನ ಹೊತ್ತು ಬರುತ್ತಿದ್ದ ನರ್ಸ್ ನೋಡಿ, ‘ಈ ಕಾಯಿಲೇಲಿ ಹೀಗೆ ಸುಮ್ಮಸುಮ್ಮನೆ ಕೈಯಾಡಿಸ್ತಾರೆ. ಗಾಯ ಮಾಡ್ಕೊಳ್ತಾರೆ, ಕೈಗೆ ಮೆತ್ತಗೆ ಬಟ್ಟೆ ಸುತ್ತಿಬಿಡೋಣ’ ಅಂದಳು. ಬೇರೆ ದಾರಿ ಕಾಣದೆ ನಾನೂ ಒಪ್ಪಿದೆ. ಬಟ್ಟೆ ತರಲು ಅಂಗಡಿಯ ಕೋಣೆಗೆ ಹೋದಾಗ ಜೇನು ಮೇಜಿನ ಕೆಳಗಿಂದ ಎದ್ದು ನನ್ನ ಹಿಂದೆಯೇ ಬಂದಳು. ತಲೆಯಲ್ಲಿ ನರೆಗೂದಲು ಬರತೊಡಗಿದ್ದ, ದೊಡ್ಡ ಹೆಂಗಸಾಗಿದ್ದ ನಮ್ಮ ಜೇನು. ಮಷಿನ್ ನಿಂತ ದಿನದಿಂದ ಅವಳ ಸದ್ದೂ ನಿಂತಿತ್ತು.

ಅವಳು ಮಂಚದ ಪಕ್ಕ ನಿಂತಳು. ಅಮ್ಮನ ಮುಖ ನೋಡಲಿಲ್ಲ. ಲೇಸಿನ ಒಳಗೆ ತೋರುಬೆರಳು ತೂರಿಸಿ ಕುತ್ತಿಗೆಯ ಸುತ್ತ ನಿಧಾನವಾಗಿ ಆಡಿಸಿದಳು. ಆಮೇಲೆ ನೈಟಿಯನ್ನು ಮೇಲಕ್ಕೆ ಎಳೆಯತೊಡಗಿದಳು.

ನರ್ಸ್ ಗಾಬರಿಯಾಗಿ, ‘ಅವರನ್ನ ಆಚೆ ಕರ್ಕೊಳ್ಳಿ’ ಅಂದಳು.

‘ಬಿಡಿ’ ಅಂದೆ.

ಜೇನು ನೈಟಿಯನ್ನು ಬಿಚ್ಚಿದಳು. ಬೀದಿಗೆ ಎಸೆಯಲಿಲ್ಲ. ಎರಡು ತೋಳುಗಳನ್ನೂ ಒಳಗಿಂದ ಎಳೆದು, ಪೂರ್ತಿ ತಿರುವಿ, ಹೊಲಿಗೆಯೆಲ್ಲ ಹೊರಗೆ ಬರುವಂತೆ ಮಾಡಿದಳು. ಮೊದಲು ಬಿದ್ದುಹೋದ ಕೈ, ಆಮೇಲೆ ಇನ್ನೊಂದು, ಆಮೇಲೆ ತಲೆ. ಚಿಕ್ಕಮ್ಮ ತನ್ನ ಕೈಯಿಂದ ಅವಳಿಗೆ ಜೀವಮಾನವಿಡೀ ಅಂಗಿ ತೊಡಿಸಿದ್ದ ರೀತಿಯಲ್ಲೇ ತೊಡಿಸಿ, ಅವಳು ಮಾಡುತ್ತಿದ್ದಂತೆಯೇ ಕೊನೆಗೆ ಎರಡೂ ಭುಜಗಳನ್ನು ಗಟ್ಟಿಯಾಗಿ ಒತ್ತಿದಳು. ಮತ್ತೆ ಬೆರಳನ್ನು ಕುತ್ತಿಗೆಯೊಳಗೆ ಆಡಿಸಿ ನೋಡಿದಳು. ಪಾಸ್ ಆಯಿತು.

ಚಿಕ್ಕಮ್ಮನ ಎಡಗೈ ಕುತ್ತಿಗೆ ಬಿಟ್ಟು ಹಾಸಿಗೆಯ ಮೇಲೆ ಇಳಿಯಿತು. ಅವಳು ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯಿ ಏನನ್ನೋ ಹೇಳಲು ಒದ್ದಾಡಿತು. ಹೇಳುವ ಅಗತ್ಯವಿರಲಿಲ್ಲ, ಎಷ್ಟೋ ವರ್ಷಗಳಿಂದ ಕೇಳುತ್ತಿದ್ದ ಪ್ರಶ್ನೆ.

‘ಹೂಂ ಚಿಕ್ಕಮ್ಮ’ ಅಂದೆ. ‘ಅವಳಿಗೆ ಗೊತ್ತು.’

ಜೇನು ಆಗಲೇ ಮಂಚದ ಕಾಲ ಬಳಿಗೆ ಹೋಗಿ ಕೂತಿದ್ದಳು. ಹೊದಿಕೆ ಸರಿಸಿ, ಅಮ್ಮನ ಪಾದವನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡು, ಮೆಲ್ಲಗೆ ಗುಂಯ್ ಎನ್ನತೊಡಗಿದಳು.